ಗಾಡಿಯ ಅಡಿಮುಚ್ಚಳವೂ ಮಾರುವವನ ಮೌನವೂ

ಯಾರೂ ಕೇಳದ ಸಂಗತಿಯನ್ನು ಹೇಳದೆ ಇರುವದು ಸುಳ್ಳಾಡುವದಕ್ಕೆ ಸಮವೋ? ಈ ಪ್ರಶ್ನೆಯು ಪಂಡಿತರ ಮೇಜಿನ ಮೇಲೆ ಹುಟ್ಟಿದ್ದಲ್ಲ. ನಮ್ಮ ಹಳ್ಳಿಯ ಸಭೆಗಳಲ್ಲಿ ಹಳೆಯ ಮೋಟಾರು ಗಾಡಿಗಳ ಕ್ರಯವಿಕ್ರಯವು ನಡೆಯುತ್ತಿರುವದರಿಂದ ಅದು ಮನೆಯ ಅಂಗಳದಲ್ಲಿಯೇ ಹುಟ್ಟಿದೆ. ಆದಕಾರಣ ಒಂದು ಚಿಕ್ಕ ವಸ್ತುವನ್ನು ಹಿಡುಕೊಂಡು ಇದನ್ನು ವಿಚಾರಿಸೋಣ.

ಅನೇಕ ಗಾಡಿಗಳ ಇಂಜಿನಿನ ಕೆಳಗೆ ಒಂದು ಮುಚ್ಚಳವುಂಟು. ಚಿಕ್ಕ ಕಾರುಗಳಲ್ಲಿ ಅದು ಹೆಚ್ಚಾಗಿ ಪ್ಲಾಸ್ಟಿಕ್ಕಿನದು, ಕೆಲವು ಜೀಪುಗಳಲ್ಲಿ ಉಕ್ಕಿನ ತಗಡು. ಚಕ್ರಗಳು ಎರಚುವ ಕೆಸರುನೀರು ಬೆಲ್ಟಿಗೂ ತಂತಿಗಳಿಗೂ ತಾಕದಂತೆ ಮೊದಲನೆಯದು ತಡೆಯುತ್ತದೆ. ಇಂಜಿನಿನ ಎಣ್ಣೆ ನಿಂತಿರುವ ಪಾತ್ರೆಗೆ, ಗ್ಯಾರೇಜಿನವರು ಚೇಂಬರು ಅನ್ನುವದಕ್ಕೆ, ಕಲ್ಲು ಬಡಿಯದಂತೆ ಎರಡನೆಯದು ಕಾಯುತ್ತದೆ. ಎತ್ತರದ ಹಂಪನ್ನು ಅವಸರದಿಂದ ದಾಟಿದರೆ ಸಾಕು, ಮುಚ್ಚಳವು ಸೀಳುತ್ತದೆ ಇಲ್ಲವೆ ಬಾಗುತ್ತದೆ, ಕ್ಲಿಪ್ಪುಗಳು ಮುರಿಯುತ್ತವೆ, ಮುಂದಿನ ಅಂಚು ಜೋತುಬಿದ್ದು ನೆಲಕ್ಕೆ ಉಜ್ಜಿ ಗರಗರ ಅನ್ನುತ್ತದೆ. ಆಗ ಅನೇಕರು ಮಾಡುವದೇನು? ಸದ್ದು ಮಾಡುವದನ್ನೇ ಕಿತ್ತು ಕೊಟ್ಟಿಗೆಯ ಮೂಲೆಗೆ ಎಸೆಯುತ್ತಾರೆ. ಸದ್ದು ನಿಲ್ಲುತ್ತದೆ, ಗಾಡಿಯೂ ತಿಂಗಳುಗಟ್ಟಲೆ ಓಡುತ್ತದೆ. ಶೋಧನೆಯಿರುವದು ಇದರಲ್ಲಿಯೇ. ಒಂದು ದಿನ ಚೇಂಬರಿಗೆ ಕಲ್ಲು ಬಡಿದು ಬಿರುಕಾದರೆ ಎಣ್ಣೆಯೆಲ್ಲಾ ದಾರಿಯಲ್ಲಿ ಸುರಿದುಹೋಗುತ್ತದೆ. ಎಣ್ಣೆಯ ಕೆಂಪು ದೀಪವನ್ನು ಕಂಡ ಕೂಡಲೇ ನಿಲ್ಲಿಸದವನ ಇಂಜಿನು ಕೆಲವೇ ನಿಮಿಷಗಳಲ್ಲಿ ಸೀಜಾಗಿ ನಿಂತುಬಿಡುತ್ತದೆ.

ಹೀಗೆ ಮುಚ್ಚಳ ಕಿತ್ತ ಜೀಪೊಂದನ್ನು ಒಬ್ಬ ಸಹೋದರನು, ಸಾಲವೆತ್ತಿ ಕೊಳ್ಳುವ ಇನ್ನೊಬ್ಬನಿಗೆ ಮಾರುತ್ತಾನೆ ಅನ್ನೋಣ. ಕೊಳ್ಳುವವನು ಬಣ್ಣವನ್ನು ನೋಡಿದನು, ಟಯರನ್ನು ಒದ್ದು ನೋಡಿದನು, ಕೆಳಗೆ ಬಗ್ಗಿ ನೋಡಲಿಲ್ಲ. ಮಾರುವವನು ಒಂದು ಸುಳ್ಳನ್ನಾದರೂ ಆಡಲಿಲ್ಲ.

ಈಗಲೂ ನಡೆಯುತ್ತಿರುವ 1872ರ ಭಾರತದ ಕರಾರು ಕಾಯಿದೆಯ 17ನೆಯ ಕಲಮಿನಲ್ಲಿ, ಹೇಳುವ ಕರ್ತವ್ಯವಿಲ್ಲದ ಕಡೆ ಬರಿಯ ಮೌನವು ವಂಚನೆಯಲ್ಲವೆಂದುಂಟು. ಅದಕ್ಕೆ ಕುದುರೆಯ ದೃಷ್ಟಾಂತವನ್ನು ಕೊಟ್ಟಿದ್ದಾರೆ. ದೋಷವುಳ್ಳ ಕುದುರೆಯನ್ನು ಹರಾಜಿನಲ್ಲಿ ಮಾರುವವನು ಅದರ ದೋಷವನ್ನು ತಿಳಿದೂ ಬಾಯಿ ತೆರೆಯದಿದ್ದರೆ ವಂಚಕನಲ್ಲ. ಆದರೆ ಕೊಳ್ಳುವವಳು ಆಗ ತಾನೇ ಪ್ರಾಯಕ್ಕೆ ಬಂದ ಅವನ ಸ್ವಂತ ಮಗಳಾಗಿದ್ದರೆ ಹೇಳುವದು ಅವನ ಕರ್ತವ್ಯ. ಕಾಯಿದೆ ಬರೆದವರು ಪ್ರಸಂಗಿಗಳಲ್ಲ. ಆದರೂ ಇಲ್ಲಿ ನಮಗೆ ಒಳ್ಳೆಯ ಪ್ರಸಂಗವನ್ನೇ ಮಾಡಿದ್ದಾರೆ. ಯಾಕಂದರೆ ಕುದುರೆಯ ದೋಷವು ಎರಡು ಕಡೆಯಲ್ಲಿಯೂ ಒಂದೇ, ಬದಲಾದದ್ದು ಸಂಬಂಧ ಮಾತ್ರ. ಕರ್ತನ ಭೋಜನದಲ್ಲಿ ಒಂದೇ ರೊಟ್ಟಿಗೆ ಪಾಲುಗಾರರಾಗುವ ನಾವು ಒಬ್ಬರಿಗೊಬ್ಬರು ಹರಾಜಿನ ಗಿರಾಕಿಗಳೋ, ಮನೆಯವರೋ?

ಹಾಗಾದರೆ ಸಭೆಯ ಹೊರಗಿನವನಿಗೆ ಮಾರುವಾಗ ಸುಮ್ಮನಿರಬಹುದೋ ಎಂದು ಯಾರಾದರೂ ಕೇಳಾರು. ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ, ಗುಂಡಿಯನ್ನು ತೆಗೆದು ಮುಚ್ಚದೆ ಬಿಟ್ಟವನು ಅದರಲ್ಲಿ ಬಿದ್ದು ಸತ್ತ ಎತ್ತಿನ ನಷ್ಟವನ್ನು ತೆರಬೇಕೆಂಬ ವಿಧಿಯುಂಟು. ಎತ್ತಿನ ಯಜಮಾನನು ಯಾವ ಕುಲದವನೆಂದು ಅಲ್ಲಿ ವಿಚಾರಿಸಿಲ್ಲ. ನೀನು ಯಾಕೆ ನೋಡಿಕೊಳ್ಳಲಿಲ್ಲವೆಂದು ಅವನನ್ನು ಗದರಿಸಿಯೂ ಇಲ್ಲ.

ಹೇಳಿದರೆ ಬೆಲೆ ಇಳಿಯುವದು ನಿಜ. ಮಾರುವವನೂ ಬಡವನಾಗಿದ್ದರೆ, ಮಗುವಿನ ಶಾಲೆಯ ಫೀಸಿಗೋ ಆಸ್ಪತ್ರೆಗೋ ಅಷ್ಟು ಕೊರತೆಯಾಗುವದು. ಇದನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಆದರೆ ಮುಚ್ಚಳವನ್ನು ಸರಿಮಾಡಿಸುವ ವೆಚ್ಚವು ಇಂಜಿನಿನ ವೆಚ್ಚದ ಮುಂದೆ ಬಹು ಸ್ವಲ್ಪ. ಬಾಗಿದ ಉಕ್ಕಿನ ತಗಡು ಚೇಂಬರನ್ನು ಒತ್ತುತ್ತಿದ್ದರೆ ಬಿಚ್ಚಿ ತಟ್ಟಿ ನೇರಮಾಡಿಸತಕ್ಕದ್ದು. ಪ್ಲಾಸ್ಟಿಕ್ಕಿನದು ಸೀಳಿದ್ದರೆ ಸೀಳಿನ ಎರಡು ಬದಿಗೂ ತೂತು ಕೊರೆದು, ಚೀಲ ಹೊಲಿದ ಹಾಗೆ ಬಿಗಿದು, ಹೊಸ ಕ್ಲಿಪ್ಪುಗಳನ್ನು ಹಾಕಿಸಬಹುದು. ಬಿಸಿಯಾದ ಹೊಗೆಕೊಳವೆಗೆ ಅದು ತಾಕಕೂಡದು. ಎಣ್ಣೆ ಹೀರಿದ ಮುಚ್ಚಳವನ್ನು ತಿರಿಗಿ ಹಾಕಲೇಬಾರದು, ಬೆಂಕಿಯ ಭಯವುಂಟು. ಬರೀ ಜಾಕಿಯ ಮೇಲೆ ಎತ್ತಿ ನಿಲ್ಲಿಸಿದ ಗಾಡಿಯ ಕೆಳಗೆ ನುಗ್ಗುವ ಸಾಹಸವೂ ಬೇಡ, ಗ್ಯಾರೇಜಿಗೆ ಒಯ್ಯಿರಿ. ಹಾಗೆ ಸರಿಮಾಡಿಸಿದ ಮೇಲೂ ಕೊಳ್ಳುವವನನ್ನು ಅಲ್ಲಿಗೇ ಕರೆದು, ಆ ಹೊಲಿಗೆಯನ್ನು ಬೆರಳಿಟ್ಟು ತೋರಿಸಿದ ನಂತರವೇ ಬೆಲೆಯ ಮಾತನ್ನು ಎತ್ತತಕ್ಕದ್ದು.