‘ಯಥಾ ರಾಜಾ ತಥಾ ಪ್ರಜಾ’: ಹೈದರಾಬಾದಿನಲ್ಲಿ ಒಂದು ವ್ಯಾಖ್ಯಾನ

ಕಚೇರಿಯ ಲಂಚದ ಮಾತು ಬರಲಿ, ಮಂತ್ರಿಯೊಬ್ಬನ ದುರ್ನಡತೆ ಪತ್ರಿಕೆಯಲ್ಲಿ ಪ್ರಕಟವಾಗಲಿ, ಕೇಳುತ್ತ ಕುಳಿತವರಲ್ಲಿ ಒಬ್ಬನಾದರೂ ನಿಟ್ಟುಸಿರಿಟ್ಟು ‘ಯಥಾ ರಾಜಾ ತಥಾ ಪ್ರಜಾ’ ಎನ್ನದೆ ಇರುವುದಿಲ್ಲ. ಅವನ ಮಗ್ಗುಲಲ್ಲಿರುವ ಮತ್ತೊಬ್ಬನು, ತಾನು ನಾಲ್ಕಕ್ಷರ ಹೆಚ್ಚು ಓದಿದವನೆಂಬ ಸಮಾಧಾನದಿಂದ, ‘ಅದು ಹಿಂದಿನ ಕಾಲಕ್ಕೆ ಸ್ವಾಮಿ, ಈಗ ಯಥಾ ಪ್ರಜಾ ತಥಾ ರಾಜಾ’ ಎಂದು ತಿದ್ದುವುದೂ ತಪ್ಪುವುದಿಲ್ಲ. ಈ ತಿದ್ದುಪಡಿಯು ನಾಲಗೆಗೆ ಅಷ್ಟು ಸುಲಭವಾಗಿ ಒದಗುವುದರಿಂದಲೇ ಅದು ಸರಿಯೆ ತಪ್ಪೆ ಎಂದು ಯಾರೂ ಪರೀಕ್ಷಿಸುವುದಿಲ್ಲ. ನನಗಂತೂ ಅದು ಸರಿಯೆಂದು ತೋರದು. ಪ್ರಜಾಪ್ರಭುತ್ವಕ್ಕಾಗಿ ಹಳೆಯ ಮಾತನ್ನು ತಲೆಕೆಳಗು ಮಾಡಬೇಕಾದ ಅಗತ್ಯವಿಲ್ಲ. ಅದರಲ್ಲಿ ಬರುವ ರಾಜನು ಯಾರೆಂಬುದನ್ನು ನಿರ್ಣಯಿಸಿಕೊಂಡರೆ ಸಾಕು. ಆ ನಿರ್ಣಯವು ಎಷ್ಟು ಪ್ರಯಾಸದಿಂದ ಆಯಿತೆಂಬುದಕ್ಕೆ ಹೈದರಾಬಾದಿನಂಥ ಸಾಕ್ಷಿ ನಮ್ಮ ದೇಶದಲ್ಲಿ ವಿರಳ.

ಈ ಮಾತು ಒಂದು ಸುಭಾಷಿತದ ಕಡೆಯ ಪಾದ. ಮೊದಲಿನ ಪಾದಗಳನ್ನು ಲೋಕವು ಮರೆತಿದೆ. ದೊರೆ ಧರ್ಮಿಷ್ಠನಾದರೆ ಜನರೂ ಧರ್ಮಿಷ್ಠರಾಗುವರು, ಪಾಪಿಯಾದರೆ ಪಾಪಿಗಳಾಗುವರು, ಎರಡೂ ಅಲ್ಲದ ನಡುತರದವನಾದರೆ ಅವರೂ ನಡುತರದವರಾಗುವರು ಎಂಬುದು ಅವುಗಳ ತಾತ್ಪರ್ಯ. ಇಂದು ನಾವು ಇದನ್ನು ದೊರೆಯ ಬೆನ್ನ ಹಿಂದೆ ಆಡುವ ದೂರಿನಂತೆ ಬಳಸುತ್ತೇವೆ. ನೀತಿಗ್ರಂಥಗಳಲ್ಲಿಯಾದರೋ ಇಂಥ ಮಾತುಗಳು ದೊರೆಯ ಕಿವಿಗೇ ಉದ್ದಿಷ್ಟವಾದವು. ಅವನನ್ನು ಪದಚ್ಯುತಗೊಳಿಸುವ ಮತವಿಲ್ಲ, ಪ್ರಶ್ನಿಸುವ ಸಭೆಯಿಲ್ಲ, ಖಂಡಿಸುವ ಪತ್ರಿಕೆಯಿಲ್ಲ. ಅಂಥ ಕಾಲದಲ್ಲಿ ವಿವೇಕಿಯಾದ ಮಂತ್ರಿಗೆ ಉಳಿದಿದ್ದ ಒಂದೇ ಅಂಕುಶವೆಂದರೆ, ‘ನಿನ್ನ ಪಾಪವು ನಿನ್ನೊಬ್ಬನದಾಗಿ ಉಳಿಯುವುದಿಲ್ಲ, ಇಡೀ ರಾಜ್ಯದ ಶೀಲವಾಗಿ ಪರಿಣಮಿಸುತ್ತದೆ’ ಎಂಬ ಭಯವನ್ನು ಅವನ ಮನಸ್ಸಿನಲ್ಲಿ ನೆಡುವುದು. ಶರಶಯ್ಯೆಯ ಮೇಲಿನ ಭೀಷ್ಮನು ಯುಧಿಷ್ಠಿರನಿಗೆ ಕಾಲದ ಒಳಿತು ಕೆಡಕುಗಳಿಗೆ ರಾಜನೇ ಕಾರಣನೆಂದು ಬೋಧಿಸುವುದೂ ಈ ಅಂಕುಶವೇ.

ಅಂಕುಶವೇನೋ ಉದಾತ್ತವಾದದ್ದು, ಆದರೆ ಅದರ ಅಡಿಯಲ್ಲಿ ಒಂದು ಗ್ರಹಿಕೆ ಅಡಗಿದೆ. ಜನರಿಗೆ ಸ್ವಂತವಾದ ಶೀಲವಿಲ್ಲ, ಮೇಣದ ಮೇಲೆ ಮುದ್ರೆಯೊತ್ತಿದಂತೆ ಅರಸನ ಆಕೃತಿಯೇ ಅವರ ಆಕೃತಿ ಎಂಬುದೇ ಆ ಗ್ರಹಿಕೆ. ಗ್ರೀಸಿನ ಪ್ಲೇಟೋ ಪ್ರಜಾಪ್ರಭುತ್ವದ ಮಿತ್ರನೇನೂ ಅಲ್ಲ. ಆದರೂ ರಾಜ್ಯಪದ್ಧತಿಗಳು ಮರದಿಂದಲೋ ಬಂಡೆಯಿಂದಲೋ ಹುಟ್ಟುವುದಿಲ್ಲ, ಅಲ್ಲಿನ ಮನುಷ್ಯರ ಸ್ವಭಾವದಿಂದ ಹುಟ್ಟುತ್ತವೆ ಎಂದು ಅವನು ಕಂಡಿದ್ದನು. ನಮ್ಮ ಪಕ್ಕದ ತಿದ್ದುಪಡಿಗಾರನು ಆಡುವುದು ಈ ಮಾತನ್ನೇ. ಆಡುವಾಗ ಅವನು ಆಳುವವರನ್ನು ಜವಾಬ್ದಾರಿಯಿಂದ ಬಿಡುಗಡೆ ಮಾಡಿ ತಪ್ಪನ್ನೆಲ್ಲ ಬೀದಿಯ ಜನರ ಮೇಲೆ ಹೊರಿಸುತ್ತಾನೆಂಬುದು ಅವನಿಗೆ ತಿಳಿಯದು.

ನಮ್ಮಲ್ಲಿಯೂ ಸಭೆಗಳಿದ್ದವೆಂದು ಎದೆ ತಟ್ಟಿಕೊಳ್ಳುವವರಿದ್ದಾರೆ. ಇದ್ದವು, ನಮ್ಮ ಶಾಸನಗಳಲ್ಲಿ ಅಗ್ರಹಾರದ ಮಹಾಜನರೂ ನಾಡಗಾವುಂಡರೂ ಅಯ್ಯಾವೊಳೆಯ ಐನೂರ್ವರೂ ಕಾಣಿಸುತ್ತಾರೆ, ತಮಿಳುನಾಡಿನ ಉತ್ತರಮೇರೂರಿನಲ್ಲಿ ಹತ್ತನೆಯ ಶತಮಾನದಲ್ಲಿಯೇ ಮಡಕೆಯಿಂದ ಓಲೆಯೆತ್ತಿ ಸಭಾಸದರನ್ನು ಆರಿಸುತ್ತಿದ್ದರು. ಆದರೆ ಅಲ್ಲಿ ಕುಳಿತವರು ಭೂಮಿಯುಳ್ಳವರು, ಕುಲವುಳ್ಳವರು, ಪುರುಷರು. ಕಲ್ಯಾಣದ ಅನುಭವ ಮಂಟಪದಲ್ಲಿ ಸಮಗಾರನೂ ದೋಣಿಗಾರನೂ ಸ್ತ್ರೀಯರೂ ಒಂದೇ ನೆಲದ ಮೇಲೆ ಕುಳಿತು ವಾದಿಸಿದರೆಂಬ ಸ್ಮೃತಿ ಇವೆಲ್ಲಕ್ಕಿಂತ ಮಿಗಿಲಾದದ್ದು. ಅದು ಅರಸನ ಮಾದರಿಗೆ ಕಾಯದೆ ತನ್ನ ಶೀಲವನ್ನು ತಾನೇ ಕಡೆದುಕೊಳ್ಳಹೊರಟ ಜನದ ಪ್ರಯತ್ನ. ಎಂಟು ಶತಮಾನಗಳ ತರುವಾಯ ಅದೇ ಕಲ್ಯಾಣವು ನಿಜಾಮನ ರಾಜ್ಯದೊಳಗಿನ ಒಬ್ಬ ನವಾಬನ ಜಾಗೀರಾಗಿತ್ತೆಂಬುದನ್ನು ನೆನೆದರೆ, ಪರಂಪರೆಯೆಂಬುದು ತಾನಾಗಿಯೇ ಬೆಳೆದು ಫಲಕೊಡುವ ವಸ್ತುವಲ್ಲವೆಂದು ಮನವರಿಕೆಯಾಗುವುದು.

ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನು 1911ರಲ್ಲಿ ಪಟ್ಟಕ್ಕೆ ಬಂದನು. ರಾಜ್ಯದ 16 ಜಿಲ್ಲೆಗಳಲ್ಲಿ ಎಂಟು ತೆಲುಗಿನವು, ಐದು ಮರಾಠಿಯವು, ಬೀದರ್, ಗುಲ್ಬರ್ಗ, ರಾಯಚೂರು ಈ ಮೂರು ಕನ್ನಡದವು. ದರಬಾರಿನ ಭಾಷೆಯೂ, 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾಷೆಯೂ ಉರ್ದು. 1893ರಿಂದಲೇ ಒಂದು ಶಾಸನಪರಿಷತ್ತು ಇದ್ದರೂ ಅದರಲ್ಲಿ ಅಧಿಕಾರಿಗಳೂ ನಾಮಕರಣಗೊಂಡವರೂ ಅಧಿಕ. ಸಾರ್ವಜನಿಕ ಸಭೆಗೆ ಮೊದಲು ಸರ್ಕಾರದ ಅನುಮತಿ ಬೇಕೆಂದು ವಿಧಿಸಿದ ಐವತ್ತಮೂರನೆಯ ಗಸ್ತಿಯನ್ನು, ಉರ್ದುವಿನ ಸಂಖ್ಯೆಯಿಂದಲೇ ‘ಗಸ್ತಿ ತಿರ್ಪನ್’ ಎಂದು ಜನ ಶಪಿಸುತ್ತಿದ್ದರು. ಇಷ್ಟೆಲ್ಲ ಇದ್ದೂ ಈ ಪ್ರಭುತ್ವವು ತತ್ತ್ವಶೂನ್ಯವಾಗಿರಲಿಲ್ಲ. ಅರವಮುದು ಅಯ್ಯಂಗಾರರ ಅಧ್ಯಕ್ಷತೆಯ ಸಮಿತಿಯ ಶಿಫಾರಸುಗಳ ಫಲವಾಗಿ 1939ರಲ್ಲಿ ರಾಜ್ಯಾಂಗ ಸುಧಾರಣೆಗಳನ್ನು ಘೋಷಿಸಿದಾಗ ಅವುಗಳ ಹಿಂದಿದ್ದ ಸಿದ್ಧಾಂತವನ್ನು ಗಮನಿಸಬೇಕು: ರಾಜನು ತನ್ನ ವ್ಯಕ್ತಿಯಲ್ಲಿಯೇ ಜನರನ್ನು ನೇರವಾಗಿ ಪ್ರತಿನಿಧಿಸುತ್ತಾನೆ, ಇಂದು ಬಂದು ನಾಳೆ ಹೋಗುವ ಚುನಾಯಿತ ಪ್ರತಿನಿಧಿಗಳಿಗಿಂತ ಅವನಿಗೂ ಪ್ರಜೆಗೂ ಇರುವ ಸಂಬಂಧವು ಹೆಚ್ಚು ಸಹಜ, ಹೆಚ್ಚು ಸ್ಥಿರ. ನಮ್ಮ ಸುಭಾಷಿತದ ಗ್ರಹಿಕೆಯು ಇಲ್ಲಿ ರಾಜ್ಯಾಂಗವಾಗಿ ಪರಿಣಮಿಸಿದೆ, ಅದರ ಅಂಕುಶವು ಮಾತ್ರ ಕಳಚಿಹೋಗಿದೆ. 85 ಸದಸ್ಯರ ಉದ್ದಿಷ್ಟ ಸಭೆಯಲ್ಲಿ 42 ಮಂದಿ ಚುನಾಯಿತರು. ಅವರನ್ನು ಆರಿಸಬೇಕಾದದ್ದಾದರೂ ಊರಲ್ಲ, ವೃತ್ತಿ: ಜಾಗೀರುದಾರರು, ಪಟ್ಟೇದಾರರು, ಗೇಣಿದಾರರು, ವಕೀಲರು, ವೈದ್ಯರು, ವ್ಯಾಪಾರಿಗಳು, ಪದವೀಧರರು.

ಈ ವೃತ್ತಿಪ್ರಾತಿನಿಧ್ಯವನ್ನು ಕೇವಲ ಕುಟಿಲೋಪಾಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸಮಾಜವು ಬಿಡಿಬಿಡಿ ತಲೆಗಳ ಮೊತ್ತವಲ್ಲ, ಅಂಗಾಂಗಗಳ ಸಂಬಂಧವೆಂಬ ವಿಚಾರಕ್ಕೆ ಯೂರೋಪಿನಲ್ಲಿಯೂ ಆಗ ಪ್ರಬಲ ಪ್ರತಿಪಾದಕರಿದ್ದರು. ಆದರೆ ಅದರ ದೋಷವು ಮೂಲದಲ್ಲಿಯೇ ಇದೆ. ಗೇಣಿದಾರನು ಗೇಣಿದಾರನಾಗಿಯೇ ಮತ ಹಾಕಬೇಕೆಂದರೆ, ಅವನ ಗೇಣಿಯ ದೈನ್ಯವು ಅವನ ನಾಗರಿಕತ್ವದ ಸಹಜ ಲಕ್ಷಣವಾಗಿಬಿಡುತ್ತದೆ. ಒಬ್ಬನಿಗೆ ಒಂದೇ ಮತ, ಅವನು ಯಾರೇ ಆಗಿರಲಿ ಎಂಬ ಒರಟು ನಿಯಮವು ಮನುಷ್ಯನನ್ನು ಅವನ ಹುಟ್ಟುಕಸುಬುಗಳಿಂದ ಒಂದು ಕ್ಷಣದ ಮಟ್ಟಿಗಾದರೂ ಬೇರ್ಪಡಿಸಿ ನೋಡುತ್ತದೆ. ಪ್ರಜಾಪ್ರಭುತ್ವದ ದರ್ಶನಕ್ಕೆ ಅಸ್ತಿಭಾರವೆಂದರೆ ಈ ಒಂದು ಕ್ಷಣವೇ.

ಜನರೇನು ರಾಜನಂತಾದರೆ? 1938ರಲ್ಲಿ ಆ ರಾಜನ ಹೆಸರನ್ನೇ ಹೊತ್ತ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ವಂದೇ ಮಾತರಂ ಹಾಡಿದ್ದಕ್ಕಾಗಿ ಹೊರದೂಡಲ್ಪಟ್ಟು, ಹಲವರು ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದರು. ಅದೇ ವರ್ಷ ಸ್ಟೇಟ್ ಕಾಂಗ್ರೆಸ್ಸು ವಿಧ್ಯುಕ್ತವಾಗಿ ಹುಟ್ಟುವ ಮೊದಲೇ ನಿಷಿದ್ಧವಾಯಿತು. ಅದರ ಸತ್ಯಾಗ್ರಹಕ್ಕೆ ಧುಮುಕಿ, ಮುಂದೆ ಅದರ ಅಧ್ವರ್ಯುವಾದ ಸ್ವಾಮಿ ರಮಾನಂದ ತೀರ್ಥರು ನಮ್ಮ ಸಿಂದಗಿಯಲ್ಲಿ ಹುಟ್ಟಿದವರು. ‘ಇಮ್‌ರೋಜ್’ ಎಂಬ ಉರ್ದು ಪತ್ರಿಕೆಯ ಯುವಸಂಪಾದಕ ಶೋಯೆಬುಲ್ಲಾ ಖಾನನು ಭಾರತದೊಡನೆ ವಿಲೀನವಾಗುವುದೇ ಯುಕ್ತವೆಂದು ಬರೆದ ತಪ್ಪಿಗೆ 1948ರ ಆಗಸ್ಟಿನಲ್ಲಿ ಹೈದರಾಬಾದ್ ನಗರದಲ್ಲಿಯೇ ಹತನಾದನು. ರಾಜನ ಮತ, ರಾಜನ ಭಾಷೆ ಎರಡೂ ಅವನವು. ಶೀಲ ಮಾತ್ರ ತನ್ನದು. ಸುಭಾಷಿತಕ್ಕೆ ಇಂಥವನ ಕಲ್ಪನೆಯೇ ಇಲ್ಲ.

ಆ ಸೆಪ್ಟೆಂಬರಿನ 13ರಿಂದ 17ರವರೆಗೆ ನಡೆದ ಸೈನಿಕ ಕಾರ್ಯಾಚರಣೆಯಿಂದ ನಿಜಾಮನ ಆಳ್ವಿಕೆ ಮುಗಿಯಿತು. ಅದಕ್ಕೆ ಮುನ್ನ ನಿಜಾಮನ ಪಕ್ಷದ ಸಶಸ್ತ್ರ ರಜಾಕಾರರು ಹಳ್ಳಿಹಳ್ಳಿಗಳಲ್ಲಿ ಮಾಡಿದ ಹಿಂಸೆಯನ್ನು ಕಲಬುರ್ಗಿ ಬೀದರುಗಳ ಹಿರಿಯರು ಹೇಳುತ್ತ ಬಂದಿದ್ದಾರೆ. ತರುವಾಯ ಮುಸಲ್ಮಾನರ ಮೇಲೆ ನಡೆದ ಹತ್ಯೆಗಳನ್ನು ಅಷ್ಟೇ ಸಲೀಸಾಗಿ ಹೇಳುವುದಿಲ್ಲ. ಪಂಡಿತ ಸುಂದರಲಾಲರ ಸಮಿತಿಯು ಸಂಚರಿಸಿ ನೋಡಿ, ಅತ್ಯಂತ ನೊಂದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ್, ನಾಂದೇಡುಗಳ ಜೊತೆಗೆ ನಮ್ಮ ಬೀದರ್ ಗುಲ್ಬರ್ಗಗಳನ್ನು ಹೆಸರಿಸಿತು. ಪ್ರಭುತ್ವವು ಒಂದು ಕೈಯಿಂದ ಜಾರಿ ಇನ್ನೊಂದು ಕೈಗೆ ಸೇರುವ ಸಂಧಿಯಲ್ಲಿ ಜನವು, ತನಗೆ ಬಂದ ಬಲವನ್ನು ಹಳೆಯ ಬಲಿಷ್ಠರು ಬಳಸಿದ ರೀತಿಯಲ್ಲಿಯೇ ಬಳಸಿತು. ಸುಭಾಷಿತವು ಇಲ್ಲಿ ಘೋರವಾಗಿ ನಿಜವಾಯಿತು.

ಮುಂದಿನ ವರ್ಷದ ನವೆಂಬರ್ 23ರಂದು ನಿಜಾಮನು ಒಂದು ಫರ್ಮಾನು ಹೊರಡಿಸಿದನು. ಭಾರತದ ಸಂವಿಧಾನವನ್ನು ತನ್ನ ರಾಜ್ಯಕ್ಕೆ ಅಂಗೀಕರಿಸುವುದರ ಜೊತೆಗೆ, ಜನರ ಅನುಮೋದನೆಗೆ ಅದು ಒಳಪಟ್ಟಿರುವುದೆಂದೂ, ಅವರು ರಚಿಸಲಿರುವ ಸಭೆಯ ಮೂಲಕ ವ್ಯಕ್ತವಾಗುವ ಇಚ್ಛೆಯೇ ಅಂತಿಮವೆಂದೂ ಅದರ ಇಂಗಿತ. ಹತ್ತು ವರ್ಷಗಳ ಹಿಂದೆ ಜನರ ಇಚ್ಛೆಗೆ ತಾನೇ ವಿಗ್ರಹವೆಂದು ಸಾರಿದ ಸಿಂಹಾಸನವು, ಆಜ್ಞೆಯ ಭಾಷೆಯಲ್ಲಿಯೇ, ಆಜ್ಞಾಪಿಸುವ ಅಧಿಕಾರ ತನ್ನದಲ್ಲವೆಂದು ಹೇಳಬೇಕಾಯಿತು. ಬಲಾತ್ಕಾರದ ಸಹಿಯೆಂದು ಆಕ್ಷೇಪಿಸಬಹುದು. ಇಂಗ್ಲೆಂಡಿನ ಜಾನ್ ದೊರೆಯು ಮ್ಯಾಗ್ನಾ ಕಾರ್ಟಾಕ್ಕೆ ಮುದ್ರೆಯೊತ್ತಿದ್ದೂ ಪ್ರೀತಿಯಿಂದಲ್ಲ. ಫರ್ಮಾನು ಹೇಳಿದ ಆ ಪ್ರತ್ಯೇಕ ಸಭೆಯೇನೋ ಸೇರಲಿಲ್ಲ. 1952ರಲ್ಲಿ ವಯಸ್ಕ ಮತದಾನದಿಂದ 175 ಸ್ಥಾನಗಳ ಶಾಸನಸಭೆ ಆರಿಸಿಬಂದು ಬೂರ್ಗುಲ ರಾಮಕೃಷ್ಣರಾಯರು ಮುಖ್ಯಮಂತ್ರಿಗಳಾದರು, ನಿಜಾಮನು ರಾಜಪ್ರಮುಖನಾಗಿ ಉಳಿದನು. 1951ರ ಅಕ್ಟೋಬರಿನವರೆಗೆ ಆಯುಧ ಹಿಡಿದಿದ್ದ ತೆಲಂಗಾಣದ ಕಮ್ಯೂನಿಸ್ಟರು ಬೇರೊಂದು ಹೆಸರಿನ ರಂಗದಿಂದ ಸ್ಪರ್ಧಿಸಿ, ಪ್ರಧಾನ ವಿರೋಧಪಕ್ಷವಾಗಿ ಆ ಸಭೆಯನ್ನು ಸೇರಿದರು. ಆರನೆಯ ನಿಜಾಮನ ನಲವತ್ತನೆಯ ಹುಟ್ಟುಹಬ್ಬದ ನೆನಪಿಗೆಂದು ಪ್ರಜೆಗಳು ಚಂದಾ ಕೂಡಿಸಿ 1905ರಲ್ಲಿ ಅಸ್ತಿಭಾರ ಹಾಕಿಸಿ, 1913ರಲ್ಲಿ ಮುಗಿಸಿದ ಬಿಳಿಯ ಟೌನ್‌ಹಾಲು ಕಾಲಕ್ರಮದಲ್ಲಿ ಶಾಸನಸಭೆಯ ಮಂದಿರವಾಯಿತು.

ಹಾಗಾದರೆ ಈಗ ರಾಜನು ಯಾರು? ಮುಖ್ಯಮಂತ್ರಿಯಲ್ಲ, ಶಾಸಕನೂ ಅಲ್ಲ, ಅವರು ನಿಯೋಜಿತರು. ಜಿನೀವಾದ ರೂಸೋ ಹದಿನೆಂಟನೆಯ ಶತಮಾನದಲ್ಲಿ ವಿವೇಚಿಸಿದಂತೆ, ಒಬ್ಬನೇ ಮನುಷ್ಯನಲ್ಲಿ ಇಬ್ಬರಿದ್ದಾರೆ: ಎಲ್ಲರೊಡನೆ ಕೂಡಿ ಶಾಸನವನ್ನು ವಿಧಿಸುವಾಗ ಅವನು ಪ್ರಭುವಿನ ಅಂಶ, ಒಬ್ಬನೇ ಆಗಿ ಅದಕ್ಕೆ ತಲೆಬಾಗುವಾಗ ಪ್ರಜೆ. ಇದನ್ನು ಹಿಡಿದು ಓದಿದರೆ ಸುಭಾಷಿತವು ಅಕ್ಷರವೂ ಬದಲಾಗದೆ ನಿಲ್ಲುತ್ತದೆ. ನಾವು ಒಟ್ಟಾಗಿ ಎಂಥ ರಾಜನೋ, ಬಿಡಿಬಿಡಿಯಾಗಿ ಅಂಥ ಪ್ರಜೆಗಳು. ಕೂಡಿದಾಗ ಕ್ರೂರರಾದ ನಾವು, ಒಬ್ಬೊಬ್ಬರೇ ಮನೆಗೆ ಹಿಂದಿರುಗಿ ಸಜ್ಜನರಾಗಿ ಉಳಿಯಲಾರೆವು. ಅಂಕುಶವು ಮತ್ತೆ ರಾಜನ ಕಿವಿಗೇ ತಗುಲಿದೆ, ಕಿವಿ ಮಾತ್ರ ನಮ್ಮದು. ಮರೆತುಹೋದ ಆ ನಡುತರದ ಪಾದಕ್ಕೂ ಇಲ್ಲಿಯೇ ಅರ್ಥ. ದುಷ್ಟ ಅರಸನನ್ನು ಗುರುತಿಸಬಹುದು. ಮತದಾನದ ದಿನ ರಜೆಯೆಂದು ಮಲಗುವ, ಉಳಿದ ದಿನಗಳಲ್ಲಿ ತನ್ನ ರಾಜ್ಯವು ತನ್ನದಲ್ಲವೆಂಬಂತೆ ನಡೆಯುವ ಉದಾಸೀನ ಅರಸನನ್ನು ಗುರುತಿಸುವುದು ಬಹು ಕಷ್ಟ.

ರಾಜನು ಹೋದ ಮೇಲೆ ಅವನ ಮುದ್ರೆಯು ಎಷ್ಟು ಕಾಲ ಉಳಿಯುತ್ತದೆಂಬುದನ್ನೂ ಸುಭಾಷಿತವು ಹೇಳುವುದಿಲ್ಲ. ನಿಜಾಮನ ದರಬಾರಿಗೆ ಹೋಗುವವನು ಅಶರಫಿಯನ್ನೂ ರೂಪಾಯಿಗಳನ್ನೂ ಅಂಗೈಯಲ್ಲಿಟ್ಟು, ಬಾಗಿ ನಜರು ಒಪ್ಪಿಸಬೇಕಾಗಿತ್ತು. ಜಾಗೀರುಗಳು 1949ರ ಆಗಸ್ಟಿನಲ್ಲಿ ರದ್ದಾದವು. ಆ ಮಹತ್ಕಾರ್ಯವನ್ನು ಮಾಡಿದ್ದು ಚುನಾಯಿತ ಸಭೆಯಲ್ಲ, ಸೈನಿಕಾಡಳಿತ ಎಂಬುದು ಇತಿಹಾಸದ ಒಂದು ವಕ್ರತೆ. ನಜರನ್ನು ಮಾತ್ರ ಯಾರೂ ರದ್ದು ಮಾಡಲಿಲ್ಲ; ಅದು ಹಾರ, ಶಾಲು, ಪೇಟಗಳ ರೂಪ ತಾಳಿ ಶಾಸಕನ ಹಜಾರಕ್ಕೆ ಬಂದಿದೆ, ತನ್ನ ಹಕ್ಕಿನ ಕಾಗದವನ್ನು ಹಿಡಿದವನು ಅನುಗ್ರಹವನ್ನು ಬೇಡುವವನಂತೆ ಬಾಗಿಲಲ್ಲಿ ಕಾಯುತ್ತಾನೆ. ನಿಜಾಮನ ಫರ್ಮಾನು ಹೊರಟ ಎರಡು ದಿನಗಳ ಮೇಲೆ, ದೆಹಲಿಯ ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು, ಬೌದ್ಧ ಸಂಘಗಳಲ್ಲಿ ಸಭಾನಿಯಮಗಳೆಲ್ಲ ಇದ್ದುದನ್ನು ಸ್ಮರಿಸಿ, ಆ ಪ್ರಜಾಪ್ರಭುತ್ವ ಪದ್ಧತಿಯನ್ನು ಒಮ್ಮೆ ಕಳೆದುಕೊಂಡ ದೇಶವು ಮತ್ತೊಮ್ಮೆ ಕಳೆದುಕೊಂಡೀತೆ ಎಂದು ಶಂಕಿಸಿ, ಧರ್ಮದಲ್ಲಿ ಭಕ್ತಿಯು ಮೋಕ್ಷಮಾರ್ಗವಾಗಬಹುದಾದರೂ ರಾಜಕಾರಣದಲ್ಲಿ ಅದು ಅಧಃಪತನದ ಮಾರ್ಗವೆಂದು ಎಚ್ಚರಿಸಿದರು.

1956ರ ನವೆಂಬರ್ 1ರಂದು ರಾಜ್ಯವು ಮೂರು ಭಾಷೆಗಳಿಗೆ ಹಂಚಿಹೋಯಿತು. ಕನ್ನಡ ಜಿಲ್ಲೆಗಳು ಮೈಸೂರನ್ನು ಸೇರಿದವು. ಹೈದರಾಬಾದ್ ನಗರದ ಕಾಚಿಗುಡದ ಸುತ್ತಮುತ್ತ ನೆಲೆಸಿದ್ದ ಕನ್ನಡಿಗರು ಅಲ್ಲಿಯೇ ಉಳಿದರು, ನೃಪತುಂಗನ ಹೆಸರಿನ ಅವರ ಶಾಲೆಯೂ ಆ ನೆರೆಯಲ್ಲಿದೆ. ಎಂದೆಂದಿಗೂ ಬಹುಸಂಖ್ಯೆಯಾಗಲಾರದ ಇಂಥ ಸಮುದಾಯಕ್ಕೆ ‘ಯಥಾ ರಾಜಾ’ ಎಂಬುದರ ಅರ್ಥವೇನು? ರಾಜ್ಯಗಳನ್ನು ಭಾಷೆಯ ಮೇಲೆ ವಿಂಗಡಿಸಿದ ಏಳನೆಯ ತಿದ್ದುಪಡಿಯೇ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ದೊರೆಯುವಂತೆ ರಾಜ್ಯಗಳು ಯತ್ನಿಸಬೇಕೆಂಬ 350ಎ ಅನುಚ್ಛೇದವನ್ನು ಸಂವಿಧಾನಕ್ಕೆ ಸೇರಿಸಿತು. ಯತ್ನಿಸಬೇಕೆಂದಷ್ಟೇ ಅದು ಹೇಳಿತು. ಯತ್ನದ ತೀವ್ರತೆಯನ್ನು ಆಯಾ ರಾಜ್ಯದಲ್ಲಿ ಸಂಖ್ಯೆಯಿಂದ ರಾಜನಾದವನ ಶೀಲಕ್ಕೆ ಬಿಟ್ಟಿತು. ಕಾಚಿಗುಡದ ಕನ್ನಡಿಗನು ಆ ಅನುಚ್ಛೇದವನ್ನು ಪ್ರಜೆಯಾಗಿ ಓದುತ್ತಾನೆ. ಔರಾದಿನಲ್ಲಿ ಮರಾಠಿ ಶಾಲೆಗೆ, ಬಳ್ಳಾರಿಯಲ್ಲಿ ತೆಲುಗು ಶಾಲೆಗೆ ಶಿಕ್ಷಕರನ್ನು ಕೊಡಬೇಕೆ ಎಂಬ ಪ್ರಶ್ನೆ ಬಂದಾಗ, ಅದನ್ನೇ ರಾಜನಾಗಿ ಓದಬೇಕಾದವನೂ ಕನ್ನಡಿಗನೇ.