ಕಷ್ಟಪಟ್ಟವರೆಲ್ಲ ಕಷ್ಟ ಬಲ್ಲವರೇ?

ಉಳಿಯ ಪೆಟ್ಟು ತಿಂದ ಕಲ್ಲು ಮಾತ್ರ ಮೂರ್ತಿಯಾಗುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಶಾಲಾ ವಾರ್ಷಿಕೋತ್ಸವದ ವೇದಿಕೆಯಿಂದ ಹಿಡಿದು ಕಂಪೆನಿಗಳ ತರಬೇತಿ ಶಿಬಿರದ ತನಕ ಎಲ್ಲೆಡೆಯೂ ಈ ಮಾತಿಗೆ ಚಪ್ಪಾಳೆ ಬೀಳುತ್ತದೆ. ಬೀದಿ ದೀಪದ ಬೆಳಕಿನಲ್ಲಿ ಓದಿ ದೊಡ್ಡ ಹುದ್ದೆಗೇರಿದವರ ಕಥೆ ನಮಗೆ ಇಷ್ಟ. ಕಷ್ಟವೇ ಅವರನ್ನು ಬೆಳೆಸಿತು, ಕಷ್ಟವೇ ಅವರನ್ನು ನಾಯಕರನ್ನಾಗಿ ಮಾಡಿತು ಎಂದು ನಾವು ಬೇಗನೆ ತೀರ್ಪು ಕೊಟ್ಟುಬಿಡುತ್ತೇವೆ. ಆದರೆ ಅದೇ ಉಳಿಯ ಪೆಟ್ಟಿಗೆ ಒಡೆದು ಚೂರಾದ ಕಲ್ಲುಗಳೆಷ್ಟು? ಅವನ್ನು ಯಾರೂ ಎಣಿಸುವುದಿಲ್ಲ, ಅವುಗಳ ಕಥೆ ಹೇಳಲು ಯಾವ ವೇದಿಕೆಯೂ ಇಲ್ಲ.

ನಮ್ಮ ಕೆಲಸದ ಸ್ಥಳಗಳನ್ನೇ ನೋಡೋಣ. ತಾಯಿಗೆ ಹುಷಾರಿಲ್ಲ, ಎರಡು ದಿನ ರಜೆ ಬೇಕು ಎಂದು ನೌಕರನೊಬ್ಬ ಕೇಳುತ್ತಾನೆ. “ನನ್ನ ತಾಯಿ ಆಸ್ಪತ್ರೆಯಲ್ಲಿದ್ದಾಗ ನಾನು ಒಂದು ದಿನವೂ ರಜೆ ಹಾಕಿರಲಿಲ್ಲ” ಎನ್ನುವ ಮೇಲಧಿಕಾರಿಗಳಿದ್ದಾರೆ. “ನೀವು ಹೋಗಿ ಬನ್ನಿ, ಇಲ್ಲಿಯದನ್ನು ನಾವು ನೋಡಿಕೊಳ್ಳುತ್ತೇವೆ” ಎನ್ನುವವರೂ ಇದ್ದಾರೆ. ಇಬ್ಬರೂ ಕೆಳಗಿನಿಂದ ಮೇಲೆ ಬಂದವರೇ ಆಗಿರಬಹುದು, ಇಬ್ಬರೂ ಒಂದೇ ಬಗೆಯ ನೋವನ್ನು ಉಂಡವರೇ ಆಗಿರಬಹುದು. ಹಾಗಿದ್ದರೆ ಒಬ್ಬರನ್ನು ಕಲ್ಲಾಗಿಸಿ ಇನ್ನೊಬ್ಬರನ್ನು ಮೆದುವಾಗಿಸಿದ್ದು ಕಷ್ಟ ಎಂದು ಹೇಗೆ ಹೇಳುವುದು? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ನೊಂದ ಸೊಸೆ ಅತ್ತೆಯಾದ ದಿನ ತನ್ನ ಸೊಸೆಯನ್ನು ನೋಯಿಸದಿರುತ್ತಾಳೆ ಎಂಬ ಖಾತರಿ ಯಾರಿಗೂ ಇಲ್ಲ. ಕಾಲೇಜುಗಳಲ್ಲಿ ರ್‍ಯಾಗಿಂಗ್ ವರ್ಷದಿಂದ ವರ್ಷಕ್ಕೆ ಮುಂದುವರಿದದ್ದೂ ಹೀಗೆಯೇ.

ಈ ಪ್ರಶ್ನೆಯನ್ನು ಕೊಡಗಿನ ನೆಲದಲ್ಲಿಟ್ಟು ನೋಡುವುದು ಉಪಯುಕ್ತ. ಈ ಪುಟ್ಟ ಜಿಲ್ಲೆಯ ಹೆಸರು ಹೊರಗಿನವರಿಗೆ ಗೊತ್ತಾದದ್ದು ಮುಖ್ಯವಾಗಿ ಎರಡು ಕಾರಣಗಳಿಗೆ: ಸೇನೆ ಮತ್ತು ಕಾಫಿ ತೋಟ. ಎರಡೂ ಕಡೆ ಆಜ್ಞೆ ಕೊಡುವವರು ಕೆಲವರು, ಪಾಲಿಸುವವರು ಹಲವರು. ಕಷ್ಟ ಉಂಡವರ ಕೈಗೆ ಅಧಿಕಾರ ಬಂದಾಗ ಏನಾಗುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಮೊದಲು ಸೇನೆಯ ಮಾತು. ಕೆ.ಎಂ. ಕಾರ್ಯಪ್ಪನವರು 1919ರಲ್ಲಿ ಅಧಿಕಾರಿಯಾಗಿ ಸೇನೆ ಸೇರಿದಾಗ ಅದು ಬ್ರಿಟಿಷರ ಸೇನೆ. ಭಾರತೀಯ ಅಧಿಕಾರಿಗಳನ್ನು ಸಮಾನರೆಂದು ಒಪ್ಪದ ಬಿಳಿಯರು ಹಲವರಿದ್ದರು, ಅನೇಕ ಕ್ಲಬ್ಬುಗಳ ಬಾಗಿಲು ಭಾರತೀಯರಿಗೆ ತೆರೆಯುತ್ತಿರಲಿಲ್ಲ. ಅಂಥ ವ್ಯವಸ್ಥೆಯಲ್ಲಿ ಮೂವತ್ತು ವರ್ಷ ದುಡಿದು, 1949ರ ಜನವರಿ 15ರಂದು ಅವರು ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಅವರ ನಿಜವಾದ ಪರೀಕ್ಷೆ ಮಾತ್ರ ನಿವೃತ್ತಿಯಾಗಿ ಹನ್ನೆರಡು ವರ್ಷಗಳ ನಂತರ ಬಂತು. 1965ರ ಯುದ್ಧದಲ್ಲಿ ವಾಯುಪಡೆಯ ಅಧಿಕಾರಿಯಾಗಿದ್ದ ಅವರ ಮಗ ಕೆ.ಸಿ. ಕಾರ್ಯಪ್ಪ ಪಾಕಿಸ್ತಾನದಲ್ಲಿ ಸೆರೆಯಾದರು. ಆಗ ಅಲ್ಲಿ ಅಧ್ಯಕ್ಷರಾಗಿದ್ದವರು ಅಯೂಬ್ ಖಾನ್. ವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಮಗನನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂಬ ಸಂದೇಶ ಬಂದಾಗ, ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಎಲ್ಲರನ್ನೂ ಹಾಗೆಯೇ ನೋಡಿಕೊಳ್ಳಿ ಎಂಬ ಅರ್ಥದ ಉತ್ತರವನ್ನು ತಂದೆ ಕಳಿಸಿದರು ಎಂಬುದು ಕೊಡಗಿನ ಮನೆಮನೆಗೂ ಗೊತ್ತಿರುವ ಸಂಗತಿ.

ಮಗನ ಪಾಲಿನ ಅನುಕೂಲವನ್ನು ಬೇಡ ಎನ್ನಲು ತಂದೆಗೆ ಹಕ್ಕಿದೆಯೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಆ ಉತ್ತರದಲ್ಲಿ ಒಂದು ಅಳತೆಗೋಲು ಇದೆ. ನೋವು ಮನೆಯೊಳಗೆ ಬಂದಾಗ ಮನುಷ್ಯ ಸಹಜವಾಗಿ ತನ್ನವರಿಗೊಂದು ಬಾಗಿಲು ಹುಡುಕುತ್ತಾನೆ. ತನ್ನ ನೋವಿನ ಮೂಲಕ ಹೆಸರು ಗೊತ್ತಿಲ್ಲದ ಇತರರ ನೋವನ್ನೂ ಕಂಡು, ಆ ಬಾಗಿಲು ಎಲ್ಲರಿಗೂ ತೆರೆಯಲಿ ಎಂದು ಕೇಳುವವನು ನಾಯಕ.

ಇದೇ ಕೊಡಗಿನ ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯನವರದು ಇನ್ನೊಂದು ಬಗೆಯ ಸಂಕಟ. ಎರಡನೇ ಮಹಾಯುದ್ಧದಲ್ಲಿ ಅವರು ಬರ್ಮಾದಲ್ಲಿ ಬ್ರಿಟಿಷ್ ಭಾರತೀಯ ಸೇನೆಯ ಪರವಾಗಿ ಹೋರಾಡಿದರೆ, ಅವರ ಅಣ್ಣ ಪೊನ್ನಪ್ಪ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜ್ ಸೇರಿದ್ದರು. ಒಂದೇ ಮನೆಯ ಇಬ್ಬರು, ಎದುರುಬದುರು ಪಾಳೆಯ. ಯಾರು ದೇಶಪ್ರೇಮಿ, ಯಾರು ದ್ರೋಹಿ ಎಂದು ಸುಲಭವಾಗಿ ಹೇಳಿಬಿಡುವ ಸೌಲಭ್ಯ ಅಂಥ ಮನೆಯವರಿಗೆ ಇರುವುದಿಲ್ಲ. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ತಮ್ಮ ನಾಡಿಗೆ ಮರಳಲು ಒಪ್ಪದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕೈದಿಗಳ ಹೊಣೆ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಬಂತು. ಅದರ ಅಧ್ಯಕ್ಷರು ತಿಮ್ಮಯ್ಯ. ಒಡೆದುಹೋದ ದೇಶದ ಕೈದಿಗಳನ್ನು ಎರಡೂ ಕಡೆಯವರು ತಮ್ಮತ್ತ ಎಳೆಯುತ್ತಿದ್ದಾಗ, ಪ್ರತಿಯೊಬ್ಬನ ಇಚ್ಛೆಯನ್ನು ಕೇಳಿ ತಿಳಿಯುವ ಕಠಿಣ ಕೆಲಸವದು. ಮುಂದೆ ಗ್ರೀಕರು ಮತ್ತು ತುರ್ಕರು ಕಾದಾಡುತ್ತಿದ್ದ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ಮುನ್ನಡೆಸುತ್ತಿರುವಾಗಲೇ, 1965ರ ಡಿಸೆಂಬರ್ 18ರಂದು ಅವರು ತೀರಿಕೊಂಡರು. ಮನೆಯ ಸಂಕಟವೇ ಅವರನ್ನು ಆ ಕೆಲಸಕ್ಕೆ ಸಜ್ಜುಗೊಳಿಸಿತು ಎಂದು ನಾವು ಹೇಳಲಾರೆವು. ಎರಡು ಕಡೆಯವರನ್ನೂ ಮನುಷ್ಯರೆಂದು ಕಾಣಬೇಕಾದ ಆ ಹುದ್ದೆಗೆ, ಎರಡು ಕಡೆಯಲ್ಲೂ ತನ್ನವರನ್ನು ಕಂಡವನು ಹೊಂದುತ್ತಾನೆ ಎಂದಷ್ಟೇ ಹೇಳಬಹುದು.

ಸೇನಾನಿಗಳ ಕಥೆ ಕೇಳಿ ತಲೆದೂಗುವುದು ಸುಲಭ. ಕಾಫಿ ತೋಟಕ್ಕೆ ಬಂದರೆ ಪ್ರಶ್ನೆ ನಮ್ಮ ಕಾಲಬುಡಕ್ಕೇ ಬರುತ್ತದೆ.

ಕಾಫಿ ಗಿಡವೇ ಈ ವಿಷಯದಲ್ಲಿ ನಮಗೊಂದು ಪಾಠ ಹೇಳುತ್ತದೆ. ಮಳೆಗಾಲ ಮುಗಿದ ಮೇಲೆ ಗಿಡದಲ್ಲಿ ಮೂಡಿದ ಮೊಗ್ಗುಗಳು ಬೇಸಗೆಯ ಒಣಹವೆಯಲ್ಲಿ ನಿದ್ದೆ ಹೋದಂತೆ ಕಾಯುತ್ತವೆ. ಆ ಒಣಗಾಲ ಇಲ್ಲದಿದ್ದರೆ ಹೂವು ಒಮ್ಮೆಗೇ ಚೆನ್ನಾಗಿ ಅರಳುವುದಿಲ್ಲ. ಇಷ್ಟು ಕೇಳಿದವರು, ನೋಡಿ, ಗಿಡಕ್ಕೂ ಕಷ್ಟ ಬೇಕು ಎಂದು ಸಂತೋಷಪಡುತ್ತಾರೆ. ಆದರೆ ಬೆಳೆಗಾರನ ಚಿಂತೆ ಅಲ್ಲಿಂದಲೇ ಆರಂಭವಾಗುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಇಂಚಿನಷ್ಟಾದರೂ ಹೂಮಳೆ ಬೀಳಬೇಕು. ಬಿದ್ದರೆ ವಾರ ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಬೀಳದಿದ್ದರೆ, ಮುಖ್ಯವಾಗಿ ರೊಬಸ್ಟಾ ಗಿಡದಲ್ಲಿ, ಮೊಗ್ಗು ಅಲ್ಲೇ ಕರಟುತ್ತದೆ. ಕೆಲವು ವಾರಗಳ ನಂತರ ಇನ್ನೊಂದು ಮಳೆಯೂ ಬೇಕು, ಇಲ್ಲದಿದ್ದರೆ ಕಾಯಿ ನಿಲ್ಲದು. ಕೆರೆಯಲ್ಲಿ ನೀರಿರುವವರು ಆಗ ಸ್ಪ್ರಿಂಕ್ಲರ್ ಹಚ್ಚುತ್ತಾರೆ. ಗಿಡ ಇನ್ನಷ್ಟು ಒಣಗಲಿ, ಗಟ್ಟಿಯಾಗುತ್ತದೆ ಎಂದು ಯಾವ ಬೆಳೆಗಾರನೂ ಸುಮ್ಮನೆ ಕೂರುವುದಿಲ್ಲ.

ಮನುಷ್ಯರ ವಿಷಯದಲ್ಲಿ ಮಾತ್ರ ನಾವು ಹಾಗೆ ಕೂರುತ್ತೇವೆ. ಕಷ್ಟದಿಂದ ಮೇಲೆ ಬಂದ ಯಾರ ಬದುಕನ್ನಾದರೂ ಹತ್ತಿರದಿಂದ ನೋಡಿದರೆ ಅಲ್ಲೊಂದು ಹೂಮಳೆ ಬಿದ್ದಿರುತ್ತದೆ. ಫೀಸು ಕಟ್ಟಿದ ಚಿಕ್ಕಪ್ಪ, ಸಂಜೆ ಉಳಿದು ಪಾಠ ಹೇಳಿಕೊಟ್ಟ ಟೀಚರ್, ಮೊದಲ ತಪ್ಪನ್ನು ಮನ್ನಿಸಿದ ಮೇಲಧಿಕಾರಿ, ಜಾಮೀನಿಗೆ ಸಹಿ ಹಾಕಿದ ನೆರೆಮನೆಯವರು. ಗೆದ್ದವನು ತನ್ನ ಕಥೆ ಹೇಳುವಾಗ ಬಿಸಿಲನ್ನು ನೆನೆಯುತ್ತಾನೆ, ಮಳೆಯನ್ನು ಮರೆಯುತ್ತಾನೆ. ಆ ಮರೆವೇ ಅವನನ್ನು ಕಠಿಣ ಯಜಮಾನನನ್ನಾಗಿ ಮಾಡುತ್ತದೆ. ಯಾರ ನೆರವೂ ಇಲ್ಲದೆ ಬಂದೆ ಎಂದು ನಂಬಿದವನಿಗೆ, ನೆರವು ಕೇಳುವವನು ಸೋಮಾರಿಯಂತೆ ಕಾಣುತ್ತಾನೆ.

ಕೊಡಗಿನ ಇಂದಿನ ಚಿತ್ರ ನೋಡಿ. ಮಲಬಾರಿನಿಂದ, ದಕ್ಷಿಣ ಕನ್ನಡದಿಂದ, ಹಾಸನದ ಬಯಲಿನಿಂದ, ತಮಿಳುನಾಡಿನಿಂದ ಎಷ್ಟೋ ಕುಟುಂಬಗಳ ಹಿರಿಯರು ಕೂಲಿಗೋ ಸಣ್ಣ ವ್ಯಾಪಾರಕ್ಕೋ ಇಲ್ಲಿಗೆ ಬಂದರು. ಅವರಲ್ಲಿ ಹಲವರ ಮಕ್ಕಳು, ಮೊಮ್ಮಕ್ಕಳು ಈಗ ಅಂಗಡಿ, ತೋಟ, ಉದ್ಯೋಗಗಳಲ್ಲಿ ನೆಲೆಯಾಗಿದ್ದಾರೆ. ಈಗ ತೋಟದ ಕೆಲಸಕ್ಕೆ ಅಸ್ಸಾಂ, ಬಂಗಾಳಗಳಿಂದ ಜನ ಬರುತ್ತಿದ್ದಾರೆ. ಭಾಷೆ ಬಾರದ, ಸಂಶಯದ ಕಣ್ಣಿಗೆ ಸುಲಭವಾಗಿ ಬೀಳುವ ಈ ಬಡಪಾಯಿಗಳನ್ನು, ಒಂದೆರಡು ತಲೆಮಾರಿನ ಹಿಂದೆ ಅದೇ ಸ್ಥಿತಿಯಲ್ಲಿದ್ದವರ ಮನೆಯವರಾದ ನಾವು ಹೇಗೆ ನೋಡುತ್ತಿದ್ದೇವೆ? ಅಜ್ಜನ ಬೆವರಿನ ಕಥೆಯನ್ನು ಹೆಮ್ಮೆಯಿಂದ ಹೇಳುವ ಬಾಯಿ, ಇವರ ಸಂಬಳದ ಲೆಕ್ಕದಲ್ಲಿ ಏನು ಹೇಳುತ್ತದೆ? ನಮ್ಮ ಮನೆಯ ಕಷ್ಟ ನಮಗೆ ಏನನ್ನು ಕಲಿಸಿದೆ ಎಂಬುದಕ್ಕೆ ಉತ್ತರ ಆ ಲೆಕ್ಕದ ಪುಸ್ತಕದಲ್ಲಿದೆ.

ಕಷ್ಟವನ್ನು ಹೊಗಳುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಹೊಗಳಿದಷ್ಟೂ ಅದನ್ನು ಉಂಟುಮಾಡಿದವರು ಹೊಣೆಯಿಂದ ಪಾರಾಗುತ್ತಾರೆ. 2016ರ ಡಿಸೆಂಬರ್‌ನಲ್ಲಿ ವಿರಾಜಪೇಟೆ ತಾಲೂಕಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ನೂರಾರು ಗುಡಿಸಲುಗಳನ್ನು ಕೆಡವಲಾಯಿತು. ತೋಟಗಳ ಲೈನ್ ಮನೆಗಳಲ್ಲಿ ಬದುಕು ಸವೆಸಿದವರು ಒಂದು ತುಂಡು ನೆಲ ಕೇಳಿ ನಿಂತಿದ್ದರು. ಅವರೊಳಗಿನಿಂದಲೇ, ಕೂಲಿ ಮಾಡುವ ಹೆಂಗಸರಿಂದಲೇ, ನಾಯಕತ್ವ ಹುಟ್ಟಿತು. ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಅವರಿಗೆ ಪುನರ್ವಸತಿ ಕಲ್ಪಿಸಲಾಯಿತು. ಅವರ ಧೈರ್ಯವನ್ನು ಮೆಚ್ಚೋಣ. ಆದರೆ ಆ ಚಳಿಯಲ್ಲಿ ಮಕ್ಕಳೊಂದಿಗೆ ಬಯಲಲ್ಲಿ ಮಲಗಿದ್ದರಿಂದ ಅವರು ಬೆಳೆದರು ಎಂದು ಹೇಳುವ ಬಾಯಿ ನಮಗೆ ಬಾರದಿರಲಿ.

2018ರ ಆಗಸ್ಟ್ ಮಳೆಯಲ್ಲಿ ಮಕ್ಕಂದೂರು, ಜೋಡುಪಾಲ, ಕಾಲೂರು ಕಡೆಯ ಗುಡ್ಡಗಳು ಕುಸಿದಾಗ ತೋಟದ ಮಾಲಕರೂ ಕಾರ್ಮಿಕರೂ ಪರಿಹಾರ ಕೇಂದ್ರದಲ್ಲಿ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಂತರು. ಜಾತಿ, ಧರ್ಮ ಕೇಳದೆ ಅನ್ನ ಬಡಿಸಿದ ಕೈಗಳೂ ಇದ್ದವು. ಆದರೆ ಸಾಲು ಚದುರಿದ ಮೇಲೆ ಒಬ್ಬನ ಬಳಿ ಆಸ್ತಿಯ ದಾಖಲೆ ಇತ್ತು. ಲೈನ್ ಮನೆಯಲ್ಲಿದ್ದವನಿಗೆ ತನ್ನದೆಂದು ತೋರಿಸಲು ಹಕ್ಕುಪತ್ರವಿರಲಿಲ್ಲ. ಒಟ್ಟಿಗೆ ಅನುಭವಿಸಿದ ಕಷ್ಟ ಕೂಡ ತಾನಾಗಿಯೇ ಸಮಾನತೆಯನ್ನು ತರುವುದಿಲ್ಲ. ಅದನ್ನು ನೆನಪಿಟ್ಟು ಯಾರಾದರೂ ವ್ಯವಸ್ಥೆಯನ್ನಾಗಿ ಮಾಡಬೇಕು. 1951ರ ತೋಟ ಕಾರ್ಮಿಕರ ಕಾಯ್ದೆ ವಸತಿ, ಕುಡಿಯುವ ನೀರು, ಚಿಕಿತ್ಸೆ, ಶಿಶುಪಾಲನೆಯ ಹೊಣೆಯನ್ನು ದೊಡ್ಡ ತೋಟಗಳ ಮಾಲಕರ ಮೇಲೆ ಹೊರಿಸಿದ್ದು ಇದೇ ಕಾರಣಕ್ಕೆ. ಒಳ್ಳೆಯ ಯಜಮಾನ ಸಿಕ್ಕಿದರೆ ಮಾತ್ರ ನೀರು ಎಂಬ ಸ್ಥಿತಿ ಇರಬಾರದು. ಕರುಣೆ ಒಬ್ಬನ ಜೊತೆಗೆ ಸಾಯುತ್ತದೆ, ನಿಯಮ ಮುಂದಿನವನಿಗೂ ಉಳಿಯುತ್ತದೆ.

ಆದ್ದರಿಂದ ಕಷ್ಟವನ್ನು ಅರ್ಹತಾಪತ್ರದಂತೆ ಗೋಡೆಗೆ ತೂಗುಹಾಕುವ ಬದಲು ಸಾಲದಂತೆ ಲೆಕ್ಕವಿಟ್ಟುಕೊಳ್ಳುವುದು ಮೇಲು. ಅಂದು ನಮಗೆ ಯಾವುದು ಸಿಗದೆ ನಾವು ಕುಗ್ಗಿದೆವು? ಯಾರು ಕೈಹಿಡಿದು ನಾವು ಉಳಿದೆವು? ಈ ಎರಡು ಪ್ರಶ್ನೆಗಳಿಗೆ ಪ್ರಾಮಾಣಿಕ ಉತ್ತರ ಬರೆದುಕೊಂಡರೆ, ನಮ್ಮ ಅಂಗಡಿಯಲ್ಲಿ, ಕಚೇರಿಯಲ್ಲಿ, ತೋಟದಲ್ಲಿ, ಶಾಲೆಯಲ್ಲಿ ನಾಳೆ ಏನು ಬದಲಾಗಬೇಕು ಎಂಬ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ.

ನಮ್ಮ ಕೈಕೆಳಗೆ ದುಡಿಯುವವರು ನಮ್ಮ ಕಷ್ಟದ ದಿನಗಳ ಕಥೆಯನ್ನು ನಮ್ಮ ಬಾಯಿಂದಲೇ ಕೇಳಿ ತಿಳಿಯಬೇಕಾಗಿಲ್ಲ. ತಿಂಗಳ ಸಂಬಳ ಹೊತ್ತಿಗೆ ಸರಿಯಾಗಿ ಕೈಸೇರಿದಾಗ, ಕಾಯಿಲೆಯ ದಿನ ರಜೆ ಸಿಕ್ಕಿದಾಗ, ತಪ್ಪಾದಾಗ ನಾಲ್ಕು ಜನರ ಎದುರು ಬೈಗುಳ ಬೀಳದಿದ್ದಾಗ, ಇವರೂ ಒಮ್ಮೆ ನಮ್ಮ ಜಾಗದಲ್ಲಿ ನಿಂತವರಿರಬೇಕು ಎಂದು ಅವರಿಗೆ ತಿಳಿಯುತ್ತದೆ.