ನೀರಿನ ಗೆರೆಯ ಕೆಳಗೆ

1/700 ಅಳತೆಯಲ್ಲಿ ಯುದ್ಧನೌಕೆಯ ಮಾದರಿ ಮಾಡುವವರು ಬಹುಮಟ್ಟಿಗೆ ಹಡಗಿನ ತಳವನ್ನು ಮಾಡುವುದಿಲ್ಲ. ನೀರು ಮುಟ್ಟುವ ಗೆರೆಗೆ ಅದನ್ನು ಕೊಯ್ದು ಚಪ್ಪಟೆ ಮಾಡಿರುತ್ತಾರೆ. ನೀಲಿ ಬಟ್ಟೆಯ ಮೇಲಿಟ್ಟರೆ ಸಮುದ್ರದಲ್ಲಿ ತೇಲುತ್ತಿರುವಂತೆಯೇ ಕಾಣುತ್ತದೆ. ಹಾಸನದ ನಮ್ಮ ಮನೆಯ ಊಟದ ಮೇಜಿನ ಮೇಲೆ ತಿಂಗಳಿಗೊಂದು ಭಾನುವಾರ ಇಂಥ ಸಮುದ್ರ ಹರಡಿಕೊಳ್ಳುತ್ತದೆ. ಹೊಳೆನರಸೀಪುರದಿಂದ ಒಬ್ಬ, ಅರಕಲಗೂಡಿನಿಂದ ಒಬ್ಬ, ಚನ್ನರಾಯಪಟ್ಟಣದಿಂದ ಇನ್ನೊಬ್ಬ, ಹಡಗು ವಿಮಾನಗಳನ್ನು ಹತ್ತಿಯಲ್ಲಿ ಸುತ್ತಿ ಸ್ವೀಟ್ ಡಬ್ಬಿಗಳಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಾರೆ. ಟೇಪಿನಲ್ಲಿ ದೂರ ಅಳೆಯುತ್ತೇವೆ, ದಾಳ ಹಾಕುತ್ತೇವೆ, ಒಬ್ಬರದನ್ನೊಬ್ಬರು ಮುಳುಗಿಸುತ್ತೇವೆ. ಹೇಮಾವತಿಯ ದಂಡೆಯವರಿಗೆ ಇದೆಂಥ ಹುಚ್ಚು ಎಂದು ಕೇಳುವವರಿದ್ದಾರೆ. ಅದಕ್ಕೆ ಉತ್ತರ ಸುಲಭ, ಹುಚ್ಚಿಗೆ ಊರು ಕೇರಿ ಇರುವುದಿಲ್ಲ. ಕಷ್ಟದ ಪ್ರಶ್ನೆ ಬೇರೆಯಿದೆ. ಕೊಲ್ಲುವುದಕ್ಕೆಂದೇ ಕಟ್ಟಿದ ವಸ್ತುವನ್ನು ಚಿಕ್ಕದು ಮಾಡಿ, ಅದರ ಚೆಂದಕ್ಕೆ ಮನಸೋತು, ಅದರಿಂದ ಆಟವಾಡುವುದು ಸರಿಯೇ?

ಚನ್ನರಾಯಪಟ್ಟಣದ ಗೆಳೆಯ ಆಟದ ಪರವಾಗಿ ತನ್ನ ತಾಲ್ಲೂಕಿನ ಸಾಕ್ಷಿಯನ್ನೇ ತರುತ್ತಾನೆ. ಶ್ರವಣಬೆಳಗೊಳದ ಬೆಟ್ಟದ ಮೇಲೆ 58 ಅಡಿ ಎತ್ತರ ನಿಂತಿರುವಾತನ ಕತೆ ತಾನೇ ಅದು! ಭರತ ಬಾಹುಬಲಿಯರ ಸೈನ್ಯಗಳು ಎದುರಾದಾಗ, ಅಣ್ಣತಮ್ಮಂದಿರ ಜಗಳಕ್ಕೆ ಇಷ್ಟು ಜನ ಯಾಕೆ ಸಾಯಬೇಕು ಎಂದು ಮಂತ್ರಿಗಳು ತಡೆದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ವ್ಯಾಜ್ಯ ತೀರಿತು. ಸೈನಿಕರು ನೋಡುತ್ತ ನಿಂತರು. ಯುದ್ಧವನ್ನು ಆಟವಾಗಿಸಿದರೆ ರಕ್ತ ಉಳಿಯುತ್ತದೆ ಎಂಬುದು ಗೆಳೆಯನ ವಾದ. ವಾದ ಚೆನ್ನಾಗಿದೆ. ಆದರೆ ಬಾಹುಬಲಿ ಪಣಕ್ಕಿಟ್ಟದ್ದು ತನ್ನ ಮೈಯನ್ನು, ರಾಜ್ಯವನ್ನು. ಗೆದ್ದ ಮೇಲೆ ಆ ಗೆಲುವೇ ಅವನಿಗೆ ಬೇಡವಾಯಿತು. ನಮ್ಮ ಪಣ ಒಂದು ಭಾನುವಾರದ ಮಧ್ಯಾಹ್ನ, ಮೇಲೆ ಸೋತವನು ತರಬೇಕಾದ ಬೋಂಡ.

ಜೀವ ಉಳಿಸಿದ ಆಟಗಳೂ ಇವೆ. 1942ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಗಿಲ್ಬರ್ಟ್ ರಾಬರ್ಟ್ಸ್ ಎಂಬ ನೌಕಾಧಿಕಾರಿ, ನೌಕಾದಳಕ್ಕೆ ಸೇರಿದ್ದ ಎಳೆಯ ಹೆಣ್ಣುಮಕ್ಕಳ ಜೊತೆ, ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಪುಟ್ಟ ಹಡಗುಗಳನ್ನು ನಡೆಸುತ್ತಿದ್ದ. ಜರ್ಮನ್ ಜಲಾಂತರ್ಗಾಮಿಗಳನ್ನು ಎದುರಿಸುವ ತಂತ್ರಗಳು ಆ ನೆಲದ ಮೇಲೆ ಹುಟ್ಟಿ ಅಟ್ಲಾಂಟಿಕ್ ಸಾಗರಕ್ಕೆ ಹೋದವು. ಅದೇ ವರ್ಷ ಮಿಡ್‌ವೇ ಕದನಕ್ಕೆ ಮೊದಲು ಜಪಾನಿನ ನೌಕಾಧಿಕಾರಿಗಳೂ ಮೇಜಿನ ಮೇಲೆ ಆಡಿದರು. ಅಲ್ಲಿದ್ದ ಫುಚಿದಾ ಎಂಬ ವೈಮಾನಿಕ ಅಧಿಕಾರಿ ಮುಂದೆ ಬರೆದ ಪ್ರಕಾರ, ದಾಳ ತಮ್ಮ ಹಡಗುಗಳ ಮೇಲೆ ಒಂಬತ್ತು ಬಾಂಬು ಬಿದ್ದವೆಂದಾಗ ತೀರ್ಪುಗಾರ ಉಗಾಕಿ ಅದನ್ನು ಮೂರಕ್ಕೆ ಇಳಿಸಿದ. ಆಟದಲ್ಲಿ ಮುಳುಗಿದ ಕಾಗಾ ಎಂಬ ನೌಕೆ ಮುಂದಿನ ಸುತ್ತಿನಲ್ಲಿ ಮತ್ತೆ ತೇಲಿತು. ಜೂನ್ ಮೊದಲ ವಾರದ ನಿಜ ಕದನದಲ್ಲಿ ಕಾಗಾ ಸೇರಿ ನಾಲ್ಕು ವಿಮಾನವಾಹಕಗಳು ತಳ ಸೇರಿದವು. ಅದನ್ನು ಮೇಲೆತ್ತಿ ಇಡುವ ಕೈ ಅಲ್ಲಿರಲಿಲ್ಲ.

ನಾವು ಪ್ರತಿ ತಿಂಗಳೂ ಉಗಾಕಿಯ ಕೆಲಸವನ್ನೇ ಮಾಡುತ್ತೇವೆ. ಮುಳುಗಿದ್ದನ್ನೆಲ್ಲ ಒರೆಸಿ ಡಬ್ಬಿಗೆ ಹಾಕಿ ಮನೆಗೆ ಒಯ್ಯುತ್ತೇವೆ.

ಇದು ನನ್ನನ್ನು ಗಟ್ಟಿಯಾಗಿ ಕಾಡಿದ್ದು ಖುಕ್ರಿಯನ್ನು ಮಾಡಿದ ಮೇಲೆ. ಅದರ ಕಿಟ್ ನನಗೆ ಸಿಗಲಿಲ್ಲ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಉಜ್ಜಿ, ಹಳೆಯ ಫೋಟೋಗಳನ್ನು ನೋಡಿಕೊಂಡು ಎರಡು ತಿಂಗಳು ಕೂತೆ. ನಿಜವಾದ ಹಡಗು ಸುಮಾರು 310 ಅಡಿ. ನನ್ನದು ಹದಿಮೂರೂವರೆ ಸೆಂಟಿಮೀಟರ್. ಈ ಅಳತೆಯಲ್ಲಿ ಆಳೊಬ್ಬ ಒಂದು ಸಾಸಿವೆ ಕಾಳಿನಷ್ಟು ಎತ್ತರ. ಹಾಗಾಗಿ ಆಳುಗಳನ್ನು ಮಾಡುವ ಗೋಜಿಗೆ ಹೋಗಲಿಲ್ಲ. ಫಿರಂಗಿ, ಹೊಗೆಕೊಳವೆ, ಬೂದು ಬಣ್ಣದ ಹದ ಎಲ್ಲ ಸರಿಬಂದವು. 1971ರ ಡಿಸೆಂಬರ್ 9ರ ರಾತ್ರಿ ದಿಯು ಕರಾವಳಿಯಾಚೆ ಪಾಕಿಸ್ತಾನದ ಹ್ಯಾಂಗೋರ್ ಜಲಾಂತರ್ಗಾಮಿಯ ಟಾರ್ಪೆಡೊ ಬಡಿದು ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಡದೆ ಅದರ ಜೊತೆಗೇ ಹೋದರು. ನಮ್ಮ ಮೇಜಿನ ಮೇಲೆ ಆ ರಾತ್ರಿಯನ್ನು ಮೂರು ಸಲ ಆಡಿದೆವು. ಖುಕ್ರಿಯ ವೇಗ ಇನ್ನಷ್ಟು ಇದ್ದಿದ್ದರೆ, ದಾರಿ ಬದಲಿಸಿದ್ದರೆ ಎಂದು ಕಾಫಿ ಕುಡಿಯುತ್ತ ಮುಲ್ಲಾ ಅವರಿಗೆ ಬುದ್ಧಿ ಹೇಳಿದೆವು. ಎರಡು ಸಲ ಹಡಗನ್ನು ಉಳಿಸಿಯೂ ಬಿಟ್ಟೆವು.

ಅರಕಲಗೂಡಿನ ಗೆಳೆಯ ಒಮ್ಮೆ ತನ್ನ ಸೋದರಮಾವನನ್ನು ಕರೆತಂದ. ನೌಕಾಪಡೆಯಲ್ಲಿ ಇಂಜಿನ್ ಕೋಣೆಯ ಕೆಲಸ ಮಾಡಿ ನಿವೃತ್ತರಾದವರು. ಹಡಗನ್ನು ಕೈಗೆತ್ತಿಕೊಂಡು ತಿರುಗಿಸಿ ತಳ ನೋಡಿದರು. ಚಪ್ಪಟೆ. ಮತ್ತೆ ಬಟ್ಟೆಯ ಮೇಲಿಟ್ಟು, ಮೇಜಿನ ಅಡಿಗೆ ಕೈಹಾಕಿ ಹಲಗೆಯನ್ನು ತಟ್ಟಿದರು. "ನಾವ್ ಇರ್ತಿದ್ದಿದ್ದು ಇಲ್ಲಿ ಕಣಪ್ಪ" ಎಂದರು. ಅಷ್ಟೇ. ಬೇಸರವೇನೂ ಇರಲಿಲ್ಲ, ಸಂಜೆಯವರೆಗೆ ಕೂತು ನಮ್ಮ ಆಟ ನೋಡಿ, ಎರಡು ಕಡೆ ನಮ್ಮ ನಿಯಮವನ್ನೂ ತಿದ್ದಿದರು.

ಚಿಕ್ಕದು ಮಾಡುವುದರಲ್ಲಿ ತಪ್ಪಿಲ್ಲವೆಂದೇ ನನಗೆ ಅನಿಸುತ್ತದೆ. ನಮ್ಮ ಸೀಮೆಯ ವೀರಗಲ್ಲುಗಳೂ ಯುದ್ಧದ ಮಾದರಿಗಳೇ. ಒಂದಾಳೆತ್ತರದ ಕಲ್ಲಿನ ಕೆಳಪಟ್ಟಿಯಲ್ಲಿ ಇಡೀ ಕಾದಾಟವನ್ನು ತುಂಬಿಸುತ್ತಾರೆ. ಆದರೆ ಅಲ್ಲಿ ಕಡೆಯುವುದು ಸತ್ತವನನ್ನು. ಅವನ ಕತ್ತಿ ಅವನ ಕೈಯಲ್ಲಿರುತ್ತದೆ. ನಾನು ಕತ್ತಿಯನ್ನು ಕಡೆದು ಕೈಯನ್ನು ಬಿಟ್ಟಿದ್ದೆ. ದಿಯುವಿನ ಸ್ಮಾರಕದಲ್ಲೂ ಗಾಜಿನೊಳಗೆ ಖುಕ್ರಿಯ ಒಂದು ಮಾದರಿ ಇದೆ. ವಸ್ತುವಾಗಿ ನೋಡಿದರೆ ಅದಕ್ಕೂ ನನ್ನದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಅದು ಸಮುದ್ರಕ್ಕೆ ಮುಖಮಾಡಿದೆ, ಯಾರೂ ಅದನ್ನಿಟ್ಟು ದಾಳ ಹಾಕುವುದಿಲ್ಲ.

ಈಗ ನಮ್ಮ ಆಟದಲ್ಲಿ ಪ್ರತಿ ಹಡಗಿನ ಪಕ್ಕ ಒಂದು ಚೀಟಿ ಇರುತ್ತದೆ, ಅದರಲ್ಲಿ ಒಳಗಿರುವವರ ಸಂಖ್ಯೆ. ಮುಳುಗಿದರೆ ಮುಳುಗಿಸಿದವನೇ ಆ ಸಂಖ್ಯೆಯನ್ನು ಗಟ್ಟಿಯಾಗಿ ಓದಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಆಟ ನಿಧಾನವಾಗಿದೆ. ಹೊಳೆನರಸೀಪುರದ ಗೆಳೆಯನಿಗೆ ಇದು ಚೂರೂ ಹಿಡಿಸಿಲ್ಲ. "ಲೆಕ್ಕ ಬರೆದುಬಿಟ್ರೆ ನಿಂಗೆ ಸಮಾಧಾನ ಆಗತ್ತೆ, ಅವ್ರಿಗೇನು?" ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಅವನು ದಾಳ ಹಾಕಿದ, ನನ್ನದೊಂದು ಹಡಗು ಮುಳುಗಿತು. ಗೊಣಗುತ್ತಲೇ ಚೀಟಿ ತೆಗೆದುಕೊಂಡು ಓದಿದ.